ಪ್ರಾಸ್ಟೇಟ್ ಕ್ಯಾನ್ಸರ್‌ನ ಹಾರ್ಮೋನ್ ಸೂಜಿಗಳು: ನಮ್ಮ ಬಿಸಿಲು, ನಮ್ಮ ಬಸ್ಸು, ನಮ್ಮ ಕ್ಯಾಲೆಂಡರಿನಲ್ಲಿ ಯಾವುದು ನಿಲ್ಲುತ್ತದೆ?

ಹಾರ್ಮೋನ್ ಸೂಜಿ ಕೆಲಸ ಮಾಡಿತೋ ಇಲ್ಲವೋ ಎಂದು ನೋಡಲು ಹೆಚ್ಚಿನ ಮನೆಗಳಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನಿನ ಅಳತೆ) ರಿಪೋರ್ಟ್ ಒಂದನ್ನೇ ತೆಗೆಯುತ್ತಾರೆ. ಅದು ಅರ್ಧ ಅಳತೆ. ಸೂಜಿಗಿರುವ ಕೆಲಸ ಒಂದೇ: ಈ ಕ್ಯಾನ್ಸರ್ ಬದುಕುವುದು ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನ್ ಮೇಲೆ, ವೃಷಣಗಳು ಅದನ್ನು ಮಾಡುವುದನ್ನು ನಿಲ್ಲಿಸಿ, ಮುಂದಿನ ಸೂಜಿಯ ದಿನದವರೆಗೂ ಅದನ್ನು ಏಳಗೊಡದಿರುವುದು. ಹಾಗಾಗಿ ಇಲ್ಲಿ ಪ್ರತಿ ಔಷಧಕ್ಕೂ ಕೇಳಿರುವುದು ಎರಡೇ ಪ್ರಶ್ನೆ. ಮುಂದಿನ ಡೋಸ್ ಬೀಳುವ ಬೆಳಿಗ್ಗೆ, ಸೂಜಿಗೆ ಮೊದಲು ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಎಷ್ಟಿರುತ್ತದೆ? ಅದನ್ನು ಕೆಳಗೇ ಇಡಲು ಸಿಂದಗಿ, ಜಮಖಂಡಿ, ಅಥಣಿಯಂಥ ಊರಿನ ಮನೆಯವರು ಏನೇನು ನೋಡಿಕೊಳ್ಳಬೇಕು?

ಮೊದಲು ಸಂಖ್ಯೆ ಗೊತ್ತಿರಲಿ. ಚಿಕಿತ್ಸೆ ಇಲ್ಲದ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಸುಮಾರು 300ರಿಂದ 1000 ನ್ಯಾನೋಗ್ರಾಂ ಪ್ರತಿ ಡೆಸಿಲೀಟರ್ ನಡುವೆ ಇರುತ್ತದೆ. ಚಿಕಿತ್ಸೆಯಲ್ಲಿ ಅದು 50ಕ್ಕಿಂತ ಕೆಳಗಿರಬೇಕು. ಈ 50 ಹಳೆಯ ಕಾಲದ ಗೆರೆ, ಆಗಿನ ಪರೀಕ್ಷೆಗಳಿಗೆ ಅದಕ್ಕಿಂತ ಸಣ್ಣ ಅಳತೆ ಸರಿಯಾಗಿ ಸಿಗುತ್ತಿರಲಿಲ್ಲ. ಆಪರೇಷನ್ ಮಾಡಿ ವೃಷಣ ತೆಗೆದವರಲ್ಲಿ ಸರಾಸರಿ 15ರ ಸುತ್ತ ಇರುತ್ತದೆ, ಅದಕ್ಕೇ ಈಗ ಅನೇಕ ತಜ್ಞರು 20ರ ಕೆಳಗೆ ನಿಲ್ಲಲಿ ಎನ್ನುತ್ತಾರೆ. ಲ್ಯಾಬ್ ಬದಲಾದಾಗ ಅಳತೆಯ ಮಾನವೂ ಬದಲಾಗುತ್ತದೆ: ಪ್ರತಿ ಡೆಸಿಲೀಟರ್‌ಗೆ 50 ಎಂದರೆ ಪ್ರತಿ ಮಿಲಿಲೀಟರ್‌ಗೆ 0.5, ನ್ಯಾನೋಮೋಲ್ ಪ್ರತಿ ಲೀಟರ್ ಲೆಕ್ಕದಲ್ಲಿ 1.7. ಬೆಳಗಾವಿಯ ರಿಪೋರ್ಟಿನಲ್ಲಿ 0.32, ವಿಜಯಪುರದ್ದರಲ್ಲಿ 32 ಎಂದಿದ್ದರೆ ಎರಡೂ ಒಂದೇ. ನೂರು ಪಟ್ಟು ಏರಿತೆಂದು ಹೆದರುವ ಮೊದಲು ಸಂಖ್ಯೆಯ ಪಕ್ಕದ ಮಾನ ಓದಿ.

ಇನ್ನೊಂದು ತಪ್ಪು ಹೆಚ್ಚು ಅಪಾಯದ್ದು. ಸೂಜಿ ಚೆನ್ನಾಗಿ ಕೆಲಸ ಮಾಡಿದಾಗ ಲ್ಯಾಬಿನ ಕಂಪ್ಯೂಟರ್ ಆ ಸಂಖ್ಯೆಯ ಪಕ್ಕ ಕೆಂಪಕ್ಷರದಲ್ಲಿ 'ಕಡಿಮೆ' ಎಂದು ಮುದ್ರಿಸುತ್ತದೆ. ಅದು ಆರೋಗ್ಯವಂತರ ಲೆಕ್ಕ. ನಮ್ಮ ರೋಗಿಗೆ ಬೇಕಾದದ್ದೇ ಆ ಕೆಂಪು ಗುರುತು. ಅದನ್ನು ಕಂಡು ಗಾಬರಿಯಾಗಿ, ಅಪ್ಪನಿಗೆ ನಿಶ್ಶಕ್ತಿ ಎಂದು ಶಕ್ತಿಯ ಟಾನಿಕ್, ಶಿಲಾಜಿತ್, 'ಗಂಡಸುತನ ಹೆಚ್ಚಿಸುವ' ಪುಡಿ ತರುವುದು ಬೇಡ. ಪುರುಷ ಹಾರ್ಮೋನ್ ಏರಿಸುತ್ತೇವೆ ಎಂದು ಹೇಳಿಕೊಂಡು ಮಾರುವ ಯಾವ ವಸ್ತುವೂ ಈ ಮನೆಯೊಳಗೆ ಬರಬಾರದು.

ಲ್ಯುಪ್ರೊಲೈಡ್ ಡಿಪೋ

ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಸುಲಭವಾಗಿ ಕೇಳಸಿಗುವ ಹೆಸರು ಇದೇ. ಡಿಪೋ ಎಂದರೆ ದೇಹದೊಳಗೆ ಉಳಿದು ನಿಧಾನವಾಗಿ ಔಷಧ ಬಿಡುವ ಸೂಜಿ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೆ ಇದು ಸೇರಿತು, ಅಂದರೆ ಪಟ್ಟಿಯಲ್ಲಿರುವ ಡೋಸ್‌ಗಳ ಬೆಲೆಗೆ ಸರ್ಕಾರ ಮಿತಿ ಹಾಕುತ್ತದೆ. ಬಡ ಕುಟುಂಬಕ್ಕೆ ಇದು ದೊಡ್ಡ ಮಾತು. ಔಷಧವೂ ಒಳ್ಳೆಯದೇ. ಆದರೆ ಇದರ ಫಲ ಸೂಜಿ ಕಲಸುವವರ ಕೈಯಲ್ಲಿದೆ.

ಡಬ್ಬಿಯೊಳಗೆ ಬಿಳಿ ಪುಡಿ ಇರುತ್ತದೆ. ಅದು ಬರೀ ಪುಡಿಯಲ್ಲ, ನಿಧಾನ ಕರಗುವ ಪಾಲಿಮರ್‌ನ ಸೂಕ್ಷ್ಮ ಗುಳಿಗೆಗಳು, ಔಷಧ ಅವುಗಳೊಳಗೆ ಸೇರಿಕೊಂಡಿದೆ. ಜೊತೆಗೆ ಕೊಟ್ಟ ದ್ರವದಲ್ಲಿ ಅವು ಕರಗುವುದಿಲ್ಲ, ತೇಲುತ್ತವೆ ಅಷ್ಟೇ. ಅದಕ್ಕೇ ಆ ದ್ರವದ ಬದಲು ಆಸ್ಪತ್ರೆಯ ಡಿಸ್ಟಿಲ್ಡ್ ವಾಟರ್ ಹಾಕಬಾರದು: ಗುಳಿಗೆ ತೇಲಿಸಲೆಂದೇ ಆ ದ್ರವದಲ್ಲಿ ಬೇರೆ ಪದಾರ್ಥ ಬೆರೆಸಿರುತ್ತಾರೆ. ಕಲಸಿದ ಮೇಲೆ ಹಾಲಿನಂತೆ ಒಂದೇ ಸಮ ಕಾಣಬೇಕು, ಗಂಟು ಇರಬಾರದು, ತಳದಲ್ಲಿ ಪುಡಿ ಕೂತಿರಬಾರದು. ಕಲಸಿದ ಕೂಡಲೇ ಚುಚ್ಚಬೇಕು. ನರ್ಸ್ ಕಲಸಿಟ್ಟು ಇನ್ನೊಬ್ಬ ರೋಗಿಯ ಸಲೈನ್ ನೋಡಲು ಹೋದರೆ ಗುಳಿಗೆಗಳು ಕೆಳಗಿಳಿಯುತ್ತವೆ. ಮೇಲಿನ ನೀರು ದೇಹಕ್ಕೆ, ತಳದ ಔಷಧ ಕಸದ ಬುಟ್ಟಿಗೆ. ಸೂಜಿ ಕಟ್ಟಿಕೊಂಡು ಅರ್ಧ ಹೊರಗೆ ಸೋರಿದರೂ ಅದೇ ಕಥೆ. ಇಂಥ ಡೋಸ್ ಕೊಟ್ಟದ್ದು ಕಾರ್ಡಿನಲ್ಲಿ ಪೂರ್ತಿ ಎಂದೇ ದಾಖಲಾಗುತ್ತದೆ. ಟೆಸ್ಟೋಸ್ಟೆರಾನ್ ಮಾತ್ರ ಕೆಲವೇ ವಾರಗಳಲ್ಲಿ ತಲೆ ಎತ್ತುತ್ತದೆ. ಚುಚ್ಚಿದ ಮೇಲೆ ಸಿರಿಂಜಿನ ಗೋಡೆಗೆ, ಬಾಟಲಿಯ ತಳಕ್ಕೆ ಬಿಳಿ ಅಂಟಿ ಉಳಿದಿದೆಯೇ ಎಂದು ಮನೆಯವರು ನೋಡಬಹುದು, ಕೇಳಲೂಬಹುದು. ಅದರಲ್ಲಿ ಅವಮರ್ಯಾದೆ ಏನಿಲ್ಲ.

ಡೋಸ್ ಬಗ್ಗೆ ಗೊಂದಲ ಬಹಳ. 3.75 ಮಿಲಿಗ್ರಾಂ ತಿಂಗಳದ್ದು. 11.25 ಮತ್ತು 22.5 ಎರಡೂ ಮೂರು ತಿಂಗಳದ್ದು: ಮೊದಲನೆಯದು ಜಪಾನಿನ ರೂಢಿ, ಎರಡನೆಯದು ಅಮೆರಿಕದ್ದು. ಅಮೆರಿಕದಲ್ಲಿ ತಿಂಗಳ ಡೋಸ್ 7.5. ಆದ್ದರಿಂದ ಅಲ್ಲಿರುವ ಮಗ ಫೋನಿನಲ್ಲಿ 'ಅಪ್ಪನಿಗೆ ಅರ್ಧ ಡೋಸ್ ಕೊಡ್ತಿದ್ದಾರೆ' ಎಂದರೆ ಕೂಡಲೇ ವೈದ್ಯರ ಮೇಲೆ ಏರಿ ಹೋಗಬೇಡಿ. ನಮ್ಮಲ್ಲಿ ಎರಡೂ ರೂಢಿ ನಡೆಯುತ್ತವೆ. ನಿಜವಾದ ತಪ್ಪು ಬೇರೆ ಕಡೆ ಆಗುತ್ತದೆ: ಚೀಟಿಯಲ್ಲಿ 11.25 ಎಂದಿದ್ದು, ಅಂಗಡಿಯಲ್ಲಿ ಇದ್ದದ್ದು 3.75, ರೊಕ್ಕವೂ ಕಡಿಮೆ, ಅದನ್ನೇ ತಂದು ಹಾಕಿಸಿ ಮುಂದಿನ ತಾರೀಖು ಮಾತ್ರ ಮೂರು ತಿಂಗಳಾಚೆ ಬರೆಯುವುದು. ಡಬ್ಬಿಯ ಮೇಲೆ 'ಡಿಪೋ' ಎಂಬ ಪದವೂ ಇರಲೇಬೇಕು. ಇದೇ ಹೆಸರಿನ, ದಿನಾ ಕೊಡುವ ಡಿಪೋ ಅಲ್ಲದ ಸೂಜಿಯನ್ನು ಮಕ್ಕಳಾಗದವರ ಚಿಕಿತ್ಸೆಯಲ್ಲಿ ಬಳಸುತ್ತಾರೆ. ಅದು ಒಂದು ತಿಂಗಳು ಕೂಡ ನಿಲ್ಲುವುದಿಲ್ಲ.

ಮೊದಲ ಸೂಜಿಯ ನಂತರ ಟೆಸ್ಟೋಸ್ಟೆರಾನ್ ಏರುವುದು ಈ ಔಷಧದ ಸ್ವಭಾವ, ದೋಷವಲ್ಲ. ಇದು ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಮೊದಲು ಅತಿಯಾಗಿ ಕೆಣಕಿ, ದಣಿಸಿ, ಆಮೇಲೆ ಸುಮ್ಮನಾಗಿಸುತ್ತದೆ. ಮೊದಲ ಒಂದೆರಡು ವಾರ ಆ ಗ್ರಂಥಿ ವೃಷಣಗಳಿಗೆ ಆಜ್ಞೆಯಾಗಿ ಕಳಿಸುವ ಎಲ್‌ಎಚ್ ಹಾರ್ಮೋನ್ ಜಿಗಿಯುತ್ತದೆ, ಅದರ ಹಿಂದೆ ಟೆಸ್ಟೋಸ್ಟೆರಾನ್ ಕೂಡ ಜಿಗಿಯುತ್ತದೆ. ಇಳಿದು 50ರ ಕೆಳಗೆ ಬರಲು ಮೂರು ನಾಲ್ಕು ವಾರ ಬೇಕು. ಆ ಏರಿಕೆಗೆ ತಡೆಯಾಗಿ ಬೈಕಾಲುಟಮೈಡ್ 50 ಮಿಲಿಗ್ರಾಂ ಮಾತ್ರೆ ದಿನಕ್ಕೊಂದರಂತೆ ಕೊಡುತ್ತಾರೆ, ಸೂಜಿಗೆ ಒಂದು ವಾರ ಮೊದಲೇ ಅಥವಾ ಅದೇ ದಿನ ಶುರು ಮಾಡಿ, ಎರಡರಿಂದ ನಾಲ್ಕು ವಾರ. ಬೆನ್ನೆಲುಬಿಗೆ ಕ್ಯಾನ್ಸರ್ ಹರಡಿದವರಿಗೆ ಈ ಮಾತ್ರೆ ತಪ್ಪಿದರೆ ಬೆನ್ನುನೋವು ಉಲ್ಬಣಿಸಬಹುದು, ಕಾಲಿನ ಬಲ ಹೋಗಬಹುದು, ಮೂತ್ರ ಕಟ್ಟಬಹುದು. ಕಾಲು ಸೋಲುತ್ತಿದೆ ಎನಿಸಿದರೆ ಮರುದಿನದ ಓಪಿಡಿ ಕಾಯಬೇಡಿ, ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೊರಡಿ. ಮೊದಲ ಎರಡು ವಾರದೊಳಗೆ ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿಲ್ಲ. ಆಗ ಅದು ಏರಿಯೇ ಇರುತ್ತದೆ.

ತೀರ್ಪು: ಬೆಲೆ, ಲಭ್ಯತೆ ಎರಡರಲ್ಲೂ ಮುಂದೆ. ಕಲಸಿ ರೂಢಿಯಿರುವ ಕೈ ಇದ್ದ ಕಡೆ ಮಾತ್ರ ಹಾಕಿಸಿ.

ಗೋಸೆರೆಲಿನ್

ಇದರ ಬ್ರ್ಯಾಂಡ್ ಹೆಸರು ಜೊಲಾಡೆಕ್ಸ್ ಎಂದರೆ ಹೆಚ್ಚಿನವರಿಗೆ ಗೊತ್ತು. ಇದರಲ್ಲಿ ಕಲಸುವ ಗೊಡವೆಯೇ ಇಲ್ಲ, ಮತ್ತು ನಮ್ಮ ದೃಷ್ಟಿಯಲ್ಲಿ ಅದೇ ಇದರ ಅರ್ಧ ಹೆಚ್ಚುಗಾರಿಕೆ. ಸಿರಿಂಜಿನೊಳಗೆ ಅಕ್ಕಿಕಾಳಿನಂಥ ಒಂದು ಸಣ್ಣ ಕಡ್ಡಿ ಸಿದ್ಧವಾಗಿರುತ್ತದೆ. ಹೊಕ್ಕುಳ ಗೆರೆಯ ಕೆಳಗೆ, ಹೊಟ್ಟೆಯ ಮುಂಭಾಗದ ಚರ್ಮದಡಿ ಅದನ್ನು ಇಡುತ್ತಾರೆ. ಸಿರಿಂಜಿನ ಪುಟ್ಟ ಕಿಟಕಿಯಲ್ಲಿ ಕಡ್ಡಿ ಕಾಣುತ್ತಿದೆಯೇ ಎಂದು ಚುಚ್ಚುವ ಮೊದಲು ನೋಡಬೇಕು. ಸಾಮಾನ್ಯ ಸಿರಿಂಜಿನಂತೆ ಗಾಳಿ ಹೊರಗೆ ಹಾಕಲು ಹೋದರೆ ಕಡ್ಡಿಯೇ ಜರುಗಿ ಬೀಳಬಹುದು. 3.6 ಮಿಲಿಗ್ರಾಂನದ್ದು 28 ದಿನಕ್ಕೆ, 10.8ರದ್ದು 12 ವಾರಕ್ಕೆ.

ಸೂಜಿ ದಪ್ಪ. 3.6ಕ್ಕೆ 16 ಗೇಜ್, 10.8ಕ್ಕೆ 14 ಗೇಜ್ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ಸೂಜಿ ದಪ್ಪ). ನೋವಾಗುತ್ತದೆ ಎಂದು ಮೊದಲೇ ಹೇಳಿ ಕರೆದೊಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ತೀರಾ ಸೊರಗಿದವರು ಅದನ್ನು ನರ್ಸ್‌ಗೆ ತಿಳಿಸಲೇಬೇಕು: ಹೊಟ್ಟೆಯ ಗೋಡೆಯಲ್ಲಿ ದೊಡ್ಡ ರಕ್ತನಾಳ ಇದೆ, ಅದಕ್ಕೆ ತಗುಲಿದರೆ ಒಳಗೇ ರಕ್ತ ಕಟ್ಟುತ್ತದೆ. ಸೂಜಿಯ ಬಳಿಕ ಹೊಟ್ಟೆ ಉಬ್ಬಿ ನೋವು, ತಲೆಸುತ್ತು ಬಂದರೆ ಬಸ್ ಹತ್ತದೆ ಅಲ್ಲೇ ತೋರಿಸಿ. ಮೊದಲ ವಾರಗಳ ಏರಿಕೆ ಇದರಲ್ಲೂ ಇದೆ, ಬೈಕಾಲುಟಮೈಡ್ ಮಾತು ಇದಕ್ಕೂ ಅನ್ವಯ.

ಇದರ ನಿಜವಾದ ಶತ್ರು ನಮ್ಮ ಬಿಸಿಲು. ಡಬ್ಬಿ ಹೇಳುವುದು 25 ಡಿಗ್ರಿಯ ಕೆಳಗೆ ಇಡಿ ಎಂದು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ 40 ದಾಟುತ್ತವೆ, ತಗಡಿನ ಮನೆಯೊಳಗೆ ಅದಕ್ಕೂ ಹೆಚ್ಚು. ಬೆಳಗಾವಿಯಲ್ಲಿ ಕೊಂಡ ಡಬ್ಬಿ ಬಸ್ಸಿನ ಕಿಟಕಿ ಪಕ್ಕದ ಚೀಲದಲ್ಲಿ ನಾಲ್ಕೈದು ತಾಸು ಕೂತು ಇಂಡಿಗೆ ಬಂದರೆ ಡಬ್ಬಿ ಹೊಸದಾಗಿಯೇ ಕಾಣುತ್ತದೆ, ಒಳಗಿನದಕ್ಕೆ ಖಾತರಿ ಇರುವುದಿಲ್ಲ. ಸಾಗಿಸುವ ಬಗೆ ಮುಂದೆ ಬರೆದಿದೆ.

ಟ್ರಿಪ್ಟೊರೆಲಿನ್

ಲ್ಯುಪ್ರೊಲೈಡ್ ಬಗ್ಗೆ ಬರೆದದ್ದೆಲ್ಲ ಇದಕ್ಕೂ ಸಲ್ಲುತ್ತದೆ: ಪುಡಿ, ದ್ರವ, ಕಲಸುವಿಕೆ, ಮೊದಲ ವಾರಗಳ ಜಿಗಿತ. 3.75 ನಾಲ್ಕು ವಾರಕ್ಕೆ, 11.25 ಹನ್ನೆರಡು ವಾರಕ್ಕೆ, ಪೃಷ್ಠದ ಸ್ನಾಯುವಿಗೆ. ಈ ಮೂರೂ ಅಗೊನಿಸ್ಟ್‌ಗಳು, ಅಂದರೆ ಪಿಟ್ಯುಟರಿಯನ್ನು ಕೆಣಕಿ ದಣಿಸುವ ಜಾತಿ; ಒಂದು ಅಗೊನಿಸ್ಟ್‌ನಲ್ಲಿ ಟೆಸ್ಟೋಸ್ಟೆರಾನ್ ಕೆಳಗೆ ನಿಲ್ಲದಿದ್ದಾಗ ಇನ್ನೊಂದಕ್ಕೆ ಬದಲಾಯಿಸುವ ದಾರಿಯಾಗಿ ವೈದ್ಯರು ಇದನ್ನು ಯೋಚಿಸುವುದುಂಟು.

ಡೆಗಾರೆಲಿಕ್ಸ್

ಇದು ಬೇರೆ ಜಾತಿ. ಪಿಟ್ಯುಟರಿಯನ್ನು ಕೆಣಕದೆ ನೇರವಾಗಿ ಅದರ ಬಾಗಿಲಿಗೆ ಬೀಗ ಹಾಕುತ್ತದೆ. ಆರಂಭದ ಜಿಗಿತ ಇಲ್ಲ, ಬೈಕಾಲುಟಮೈಡ್ ತಡೆಯೂ ಬೇಡ. ಅನುಮೋದನೆಗೆ ಆಧಾರವಾದ ಪರೀಕ್ಷೆಯಲ್ಲಿ ಮೂರನೇ ದಿನಕ್ಕೇ 96 ಶೇಕಡಾ ರೋಗಿಗಳ ಟೆಸ್ಟೋಸ್ಟೆರಾನ್ 50ಕ್ಕೆ ಅಥವಾ ಅದರ ಕೆಳಗೆ ಬಂದಿತ್ತು. ಮೂಳೆಗೆ ಹರಡಿ ನೋವಿನಲ್ಲಿರುವವರಿಗೆ, ಮೂತ್ರ ಕಟ್ಟಿದವರಿಗೆ ಈ ವೇಗ ಬೆಲೆಬಾಳುತ್ತದೆ.

ಮೊದಲ ದಿನ 240 ಮಿಲಿಗ್ರಾಂ, 120ರ ಎರಡು ಚುಚ್ಚುಗಳಾಗಿ. ಆಮೇಲೆ 28 ದಿನಕ್ಕೊಮ್ಮೆ 80. ಇದನ್ನು ಕಲಸುವ ರೀತಿ ಲ್ಯುಪ್ರೊಲೈಡ್‌ಗೆ ತದ್ವಿರುದ್ಧ: ಕುಲುಕಲೇಬಾರದು, ನೊರೆ ಬರುತ್ತದೆ. ಬಾಟಲಿಯನ್ನು ನಿಲ್ಲಿಸಿ ಮೆಲ್ಲಗೆ ತಿರುಗಿಸುತ್ತ ದ್ರವ ತಿಳಿಯಾಗುವವರೆಗೆ ಕಾಯಬೇಕು, ಕೆಲವು ನಿಮಿಷ ಹಿಡಿಯುತ್ತದೆ. ಹೊಟ್ಟೆಯ ಚರ್ಮದಡಿಗೆ ಮಾತ್ರ. ಅಲ್ಲಿ ಅದು ಜೆಲ್ಲಿಯಾಗಿ ಗಟ್ಟಿಯಾಗಿ ನಿಧಾನ ಬಿಡುಗಡೆಯಾಗುತ್ತದೆ. ಧೋತರದ ಕಚ್ಚೆ, ಉಡದಾರ, ಬೆಲ್ಟು ಒತ್ತುವ ಜಾಗ ಬೇಡ. ಹತ್ತರಲ್ಲಿ ಮೂರ್ನಾಲ್ಕು ಜನರಿಗೆ ಚುಚ್ಚಿದ ಕಡೆ ಕೆಂಪಾಗಿ ಊದಿ ನೋಯುತ್ತದೆ, ಮೊದಲ ಡೋಸಿಗೇ ಹೆಚ್ಚು. ಜ್ವರ, ಚಳಿಯೂ ಬರಬಹುದು.

ದೊಡ್ಡ ಕೊರತೆ ಎಂದರೆ ಮೂರು ತಿಂಗಳ ಸೌಕರ್ಯ ಇಲ್ಲ. ವರ್ಷಕ್ಕೆ 13 ಸಲ ತಪ್ಪದೆ ಬರಬೇಕು. ಬೀಗ ತೆಗೆದರೆ ಹಾರ್ಮೋನ್ ಬೇಗ ಎದ್ದುಬರುತ್ತದೆ, ತಡವಾದರೆ ಕ್ಷಮಿಸುವ ಔಷಧ ಇದಲ್ಲ. ಮುದ್ದೇಬಿಹಾಳದ ಹಳ್ಳಿಯಿಂದ ಒಬ್ಬರೇ ಬರಬೇಕಾದ ಅಜ್ಜನಿಗೆ ಮೊದಲ ತಿಂಗಳು ಇದನ್ನು ಕೊಟ್ಟು, ಆಮೇಲೆ ಮೂರು ತಿಂಗಳ ಸೂಜಿಗೆ ದಾಟಿಸುವುದು ಸಾಧ್ಯವೇ ಎಂದು ವೈದ್ಯರನ್ನು ಕೇಳಿ ನೋಡಬೇಕು.

ಇದೇ ಜಾತಿಯ ಮಾತ್ರೆಯೂ ಇದೆ, ರೆಲುಗೊಲಿಕ್ಸ್. ಮೊದಲ ದಿನ 360 ಮಿಲಿಗ್ರಾಂ, ನಂತರ ದಿನಕ್ಕೆ 120. 2020ರಲ್ಲಿ ಪ್ರಕಟವಾದ, 'ಹೀರೋ' ಎಂಬ ಹೆಸರಿನ ಔಷಧ ಪರೀಕ್ಷೆಯಲ್ಲಿ 48 ವಾರ ಪೂರ್ತಿ ಟೆಸ್ಟೋಸ್ಟೆರಾನ್ ಕೆಳಗೇ ಉಳಿದವರು ಈ ಮಾತ್ರೆಯಲ್ಲಿ 96.7 ಶೇಕಡಾ, ಲ್ಯುಪ್ರೊಲೈಡ್‌ನಲ್ಲಿ 88.8 ಶೇಕಡಾ. ಎರಡನೆಯ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ದಿನ ಎಣಿಸಿ, ಕಲಿತ ಕೈಯಿಂದ ಕೊಟ್ಟ ಪರೀಕ್ಷೆಯಲ್ಲೇ ನೂರರಲ್ಲಿ ಹನ್ನೊಂದು ಜನರಿಗೆ ಸೂಜಿ ಪೂರ್ತಿ ಕಾವಲು ಕಾಯಲಿಲ್ಲ. ಹಾಗಿದ್ದ ಮೇಲೆ ನಮ್ಮ ತಾಲೂಕುಗಳಲ್ಲಿ ಟೆಸ್ಟೋಸ್ಟೆರಾನ್ ಪರೀಕ್ಷೆಯನ್ನೇ ಮಾಡಿಸದೆ ವರ್ಷ ಕಳೆಯುವುದು ಸರಿಯಲ್ಲ. ಈ ಮಾತ್ರೆಯನ್ನು ಏಳು ದಿನಕ್ಕಿಂತ ಹೆಚ್ಚು ಬಿಟ್ಟರೆ ಮತ್ತೆ 360ರಿಂದಲೇ ಶುರು ಮಾಡಬೇಕು.

ಆಪರೇಷನ್

ವೃಷಣ ತೆಗೆಯುವ ಆಪರೇಷನ್ ಬಗ್ಗೆ ಮಾತಾಡಲು ಮನೆಗಳಲ್ಲಿ ಸಂಕೋಚ, ಎಷ್ಟೋ ಸಲ ವೈದ್ಯರಲ್ಲೂ. ಆದರೆ ಈ ವಿಮರ್ಶೆಯ ಅಳತೆಗೋಲಿನಲ್ಲಿ ಇದಕ್ಕೇ ಹೆಚ್ಚು ಅಂಕ. ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನ್ ಮೇಲೆ ಬದುಕುತ್ತದೆ ಎಂದು 1941ರಲ್ಲಿ ತೋರಿಸಿದ, 1966ರಲ್ಲಿ ಅದಕ್ಕೇ ನೊಬೆಲ್ ಪಡೆದ ಚಾರ್ಲ್ಸ್ ಹಗ್ಗಿನ್ಸ್ ಆಶ್ರಯಿಸಿದ ದಾರಿಯೂ ಇದೇ. ಟೆಸ್ಟೋಸ್ಟೆರಾನ್ ದಿನದೊಳಗೆ ಕುಸಿಯುತ್ತದೆ. ಜಿಗಿತ ಇಲ್ಲ. ಕಲಸುವುದು, ಶೀತಪೆಟ್ಟಿಗೆ, ತಪ್ಪಿದ ತಾರೀಖು ಯಾವುದೂ ಇಲ್ಲ. ಸೊಂಟದ ಕೆಳಗೆ ಮರಗಟ್ಟಿಸಿ ಮಾಡುವ ಚಿಕ್ಕ ಆಪರೇಷನ್. ಹೊರಚೀಲ ಹಾಗೇ ಉಳಿಯುತ್ತದೆ, ಒಳಗಿನ ಅಂಗಾಂಶ ಮಾತ್ರ ತೆಗೆಯುವ ವಿಧಾನದಲ್ಲಿ ಹೊರಗಿನಿಂದ ನೋಡಿದರೆ ಪೂರ್ತಿ ಖಾಲಿಯೂ ಕಾಣುವುದಿಲ್ಲ.

ಹಿಂದಿರುಗಿಸಲಾಗದು ಎಂಬುದೇ ಇದರ ದೋಷ. ರೇಡಿಯೇಷನ್ ಜೊತೆ ಆರು ತಿಂಗಳು ಅಥವಾ ಎರಡು ಮೂರು ವರ್ಷ ಮಾತ್ರ ಹಾರ್ಮೋನ್ ಚಿಕಿತ್ಸೆ ಬೇಕಾದವರಿಗೆ ಇದು ಬೇಡ. ಹರಡಿದ ಕ್ಯಾನ್ಸರ್‌ಗೆ ಜೀವನಪೂರ್ತಿ ಚಿಕಿತ್ಸೆ ಬೇಕಾಗಿರುವ, ಊರಿಂದ ಪದೇ ಪದೇ ಬರಲಾಗದ ಹಿರಿಯರ ಮುಂದೆ ಮಾತ್ರ ಈ ಆಯ್ಕೆಯನ್ನು ಇಡಲೇಬೇಕು. ಒಪ್ಪುವುದು ಬಿಡುವುದು ಅವರದು. ಮಕ್ಕಳು 'ಅಪ್ಪ ಒಪ್ಪಲ್ಲ' ಎಂದು ತಾವೇ ಉತ್ತರಿಸಿಬಿಡುವುದು ಅನ್ಯಾಯ.

ತಾರೀಖು ಮತ್ತು ತಂಪು

ಸೂಜಿ ಯಾವುದೇ ಇರಲಿ, ಮನೆಯವರ ಕೈಲಿರುವುದು ಇವೆರಡು.

ಹನ್ನೆರಡು ವಾರ ಎಂದರೆ 84 ದಿನ. ಕ್ಯಾಲೆಂಡರಿನ ಮೂರು ತಿಂಗಳು ಎಂದರೆ 89ರಿಂದ 92. 2026ರ ಜನವರಿ 5ಕ್ಕೆ ಹಾಕಿಸಿದ ಸೂಜಿಯ ಮುಂದಿನ ದಿನ ಮಾರ್ಚ್ 30, ಏಪ್ರಿಲ್ 5 ಅಲ್ಲ. ತಿಂಗಳ ಸೂಜಿಗೂ ಹೀಗೇ: 28 ದಿನದ ಲೆಕ್ಕದಲ್ಲಿ ವರ್ಷಕ್ಕೆ 13 ಬೇಕು, 'ತಿಂಗಳಿಗೊಂದು' ಎಂದು ಹೋದರೆ 12ಕ್ಕೇ ಮುಗಿಯುತ್ತದೆ. ನೆನಪಿಡಲು ಸುಲಭ ದಾರಿ ವಾರ. 28, 84 ಎರಡೂ ಏಳರಿಂದ ಭಾಗವಾಗುತ್ತವೆ, ಸೋಮವಾರ ಹಾಕಿಸಿದರೆ ಮುಂದಿನದೂ ಸೋಮವಾರವೇ. ಕಾರ್ಡಿನಲ್ಲಿ ಮುಂದಿನ ತಾರೀಖು ಬೇರೆ ವಾರಕ್ಕೆ ಬಿದ್ದಿದ್ದರೆ ಯಾರೋ ತಿಂಗಳ ಲೆಕ್ಕ ಹಾಕಿದ್ದಾರೆ ಎಂದೇ ಅರ್ಥ. ಕೆಲವು ಬ್ರ್ಯಾಂಡ್‌ಗಳಲ್ಲಿ ತಯಾರಕರೇ 'ಮೂರು ತಿಂಗಳು' ಎಂದು ಬರೆದಿರುತ್ತಾರೆ, ಅಲ್ಲಿ ಅದೇ ಸರಿ. ಡಬ್ಬಿಯ ಒಳಗಿನ ಹಾಳೆ ನೋಡಿ.

ಆ ದಿನ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೋ, ಬನಶಂಕರಿ ತೇರಿಗೋ, ಕಬ್ಬು ಕಡಿಯುವ ಗ್ಯಾಂಗು ಹೊಲಕ್ಕಿಳಿಯುವ ದಿನಕ್ಕೋ ಬಿದ್ದರೆ ಹಿಂದಕ್ಕೆ ಸರಿಸಿ, ಮುಂದೂಡಬೇಡಿ. ಎರಡು ಮೂರು ದಿನ ಮೊದಲೇ ಹಾಕಿಸುವುದರಿಂದ ಹಾನಿಯಿಲ್ಲ. ವಾರ ತಡವಾದರೆ ಹಾರ್ಮೋನ್ ಏಳಲು ದಾರಿಯಾಗುತ್ತದೆ.

ಸಾಗಿಸಲು ದಪ್ಪ ಥರ್ಮೊಕೋಲ್ ಪೆಟ್ಟಿಗೆ, ಎರಡು ಜೆಲ್ ಪ್ಯಾಕ್, ಒಂದು ಒಣ ಟವೆಲ್ ಸಾಕು. ಜೆಲ್ ಪ್ಯಾಕ್ ಔಷಧದ ಡಬ್ಬಿಗೆ ನೇರ ತಾಗಬಾರದು, ನಡುವೆ ಟವೆಲ್ ಇರಲಿ, ಯಾಕೆಂದರೆ ಹೆಪ್ಪುಗಟ್ಟಿದರೂ ಕೆಡುತ್ತದೆ. ಬರೀ ಮಂಜುಗಡ್ಡೆ ಹಾಕಿದರೆ ಕರಗಿ ಡಬ್ಬಿ ನೆನೆಯುತ್ತದೆ. ಬೇಸಿಗೆಯಲ್ಲಿ ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ಪೆಟ್ಟಿಗೆ ಸೀಟಿನ ಕೆಳಗೆ ನೆರಳಿನಲ್ಲಿರಲಿ, ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಎರಡರಿಂದ ಎಂಟು ಡಿಗ್ರಿ ಎಂದು ಬರೆದ ಬ್ರ್ಯಾಂಡ್ ಆದರೆ ಮನೆಯ ಫ್ರಿಜ್ಜಿನ ನಡು ಹಲಗೆಯಲ್ಲಿಡಿ, ಫ್ರೀಜರ್‌ಗೆ ಅಂಟಿದಂತೆ ಬೇಡ, ಕರೆಂಟು ಹೋದಾಗ ಬಾಗಿಲು ತೆರೆಯಬೇಡಿ. ಇದೆಲ್ಲ ತಲೆನೋವು ಎನಿಸಿದರೆ ಎಲ್ಲಕ್ಕಿಂತ ಒಳ್ಳೆಯ ಉಪಾಯ: ಸೂಜಿ ಹಾಕುವ ಆಸ್ಪತ್ರೆಯ ಔಷಧಾಲಯದಲ್ಲೇ, ಹಾಕಿಸುವ ದಿನವೇ ಕೊಳ್ಳುವುದು. ಬೆಲೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ನಷ್ಟವಿಲ್ಲ.

ಲ್ಯಾಬ್ ಸೇವೆ

ಪಿಎಸ್‌ಎ ಎಲ್ಲ ಕಡೆ ಆಗುತ್ತದೆ. ಟೆಸ್ಟೋಸ್ಟೆರಾನ್ ಪರೀಕ್ಷೆಯೂ ಜಿಲ್ಲಾ ಕೇಂದ್ರಗಳಲ್ಲಿ ಸಿಗುತ್ತದೆ, ಆದರೆ ಅದು ಸಾಮಾನ್ಯವಾಗಿ ಇಮ್ಯುನೊಅಸ್ಸೇ, ಅಂದರೆ ಪ್ರತಿಕಾಯಗಳಿಂದ ಹಾರ್ಮೋನನ್ನು ಹಿಡಿದು ಅಳೆಯುವ ವಿಧಾನ. ಆ ಯಂತ್ರ 400, 500ರ ಮಟ್ಟವನ್ನು ಅಳೆಯಲು ಹೊಂದಿಕೊಂಡದ್ದು. 20, 30ರ ಮಟ್ಟದಲ್ಲಿ ಅದರ ಮಾತು ಅಷ್ಟು ಗಟ್ಟಿಯಲ್ಲ, ಇಲ್ಲದ್ದನ್ನು ಇದೆ ಎಂದು ತೋರಿಸುವುದೂ ಉಂಟು. ಅಣುವನ್ನು ಅದರ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನ ಹೆಚ್ಚು ನಂಬಿಕೆಯದು. ಅದಕ್ಕೆ ಮಾದರಿಯನ್ನು ದೊಡ್ಡ ನಗರದ ಪ್ರಯೋಗಾಲಯಕ್ಕೆ ಕಳಿಸಬೇಕಾಗಬಹುದು, ರಿಪೋರ್ಟಿಗೆ ಕೆಲವು ದಿನ ಕಾಯಬೇಕು. ಪ್ರತಿ ಸಲ ಇದು ಬೇಡ. 50ರ ಆಸುಪಾಸಿನಲ್ಲಿ ಸಂಶಯ ಬಂದಾಗ ಬೇಕು.

ಕೂದಲು, ಉಗುರು ಗಟ್ಟಿಯಾಗಲೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳನ್ನು ಮೋಸಗೊಳಿಸಿ ಟೆಸ್ಟೋಸ್ಟೆರಾನ್ ಸುಳ್ಳಾಗಿ ಹೆಚ್ಚು ತೋರುವಂತೆ ಮಾಡುತ್ತದೆ. ಮಲ್ಟಿವಿಟಮಿನ್‌ನಲ್ಲೂ ಅದು ಇರುತ್ತದೆ. ಪರೀಕ್ಷೆಗೆ ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಒಂದೇ ಲ್ಯಾಬ್, ಒಂದೇ ವಿಧಾನ, ಬೆಳಗಿನ ಅದೇ ಹೊತ್ತು ಇದ್ದರೆ ಹೋಲಿಕೆ ಸರಿಯಾಗುತ್ತದೆ. ಸೂಜಿಗೆ ಮೊದಲೇ ರಕ್ತ ಕೊಡಬೇಕು ಎಂಬುದನ್ನು ಮರೆಯಬೇಡಿ.

ಸಂಖ್ಯೆ ಏರಿ ಬಂದಾಗ

60, 90, 200 ಬಂತು ಎಂದುಕೊಳ್ಳಿ. ಮೊದಲು ಮಾನ. ಆಮೇಲೆ ಕಾರ್ಡು: ಕಳೆದ ಸೂಜಿ ಎಂದು, ಎಷ್ಟು ದಿನವಾಯಿತು, ಎಷ್ಟು ಮಿಲಿಗ್ರಾಂ, ಯಾರು ಕಲಸಿದರು, ಸೋರಿತ್ತೇ. ಖಾಲಿ ಡಬ್ಬಿಯನ್ನು ಎಸೆಯದೆ ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೋ ತೆಗೆದಿಟ್ಟಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಯೋಟಿನ್, ಶಕ್ತಿಪುಡಿ ಏನಾದರೂ ನಡೆದಿತ್ತೇ? ನಂತರ ಮರುಪರೀಕ್ಷೆ, ಈ ಸಲ ಎಲ್‌ಎಚ್ ಜೊತೆಗೆ. ಎಲ್‌ಎಚ್ ಕೂಡ ಎದ್ದಿದ್ದರೆ ಪಿಟ್ಯುಟರಿ ಎಚ್ಚರವಾಗಿದೆ, ಔಷಧ ತಲುಪಿಲ್ಲ ಅಥವಾ ಮುಗಿದಿದೆ. ಎಲ್‌ಎಚ್ ನೆಲಕಚ್ಚಿದ್ದು ಟೆಸ್ಟೋಸ್ಟೆರಾನ್ ಮಾತ್ರ ಮೇಲಿದ್ದರೆ ಯಂತ್ರದ ತಪ್ಪು, ಹೊರಗಿನಿಂದ ಬಂದ ಹಾರ್ಮೋನ್ ಅಥವಾ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಕಡೆ ನೋಡಬೇಕು. ನಿಜವಾಗಿ ಏರಿದೆ ಎಂದಾದರೆ ವೈದ್ಯರ ಮುಂದಿರುವ ದಾರಿಗಳು ಮೇಲೆ ಬಂದವೇ: ಡೋಸ್ ಬೇಗ ಕೊಡುವುದು, ಬೇರೆ ಅಗೊನಿಸ್ಟ್, ಡೆಗಾರೆಲಿಕ್ಸ್, ಆಪರೇಷನ್. ಹೊಸ ಸೂಜಿ ಹಾಕಿದ ಕೆಲವೇ ದಿನಗಳಲ್ಲಿ ಒಮ್ಮೊಮ್ಮೆ ಸಣ್ಣ ಏರಿಕೆ ಕಂಡು ತಾನೇ ಇಳಿಯುವುದುಂಟು, ಒಂದೇ ರಿಪೋರ್ಟಿನ ಮೇಲೆ ಔಷಧ ಬದಲಿಸುವ ಅವಸರ ಬೇಡ.

ಎರಡು ಸಂದರ್ಭದಲ್ಲಿ ಏರಿಕೆ ನಿರೀಕ್ಷಿತ. ಸೂಜಿಯಿಲ್ಲದೆ ಬೈಕಾಲುಟಮೈಡ್ 150 ಮಿಲಿಗ್ರಾಂ ಒಂದನ್ನೇ ನುಂಗುವವರಲ್ಲಿ ಅದು ಏರುತ್ತದೆ, ಆ ಮಾತ್ರೆ ಹಾರ್ಮೋನನ್ನು ಇಳಿಸುವುದಿಲ್ಲ, ಅದು ಕೂರುವ ಜಾಗ ಮುಚ್ಚುತ್ತದೆ. ಅವಧಿ ಮುಗಿದು ಸೂಜಿ ನಿಲ್ಲಿಸಿದವರಲ್ಲಿ ಏರಬೇಕಾದದ್ದೇ, ವಯಸ್ಸಾದವರಲ್ಲಿ ಅದಕ್ಕೆ ವರ್ಷವೇ ಹಿಡಿಯಬಹುದು, ಮರಳದೆಯೂ ಇರಬಹುದು.

ಪಿಎಸ್‌ಎ ಏರಿದ ದಿನ ಟೆಸ್ಟೋಸ್ಟೆರಾನ್ ಕೂಡ ನೋಡಲೇಬೇಕು, ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಟೆಸ್ಟೋಸ್ಟೆರಾನ್ 50ರ ಕೆಳಗಿದ್ದೂ ಪಿಎಸ್‌ಎ ಏರುತ್ತಿದ್ದರೆ ಮಾತ್ರ ಕ್ಯಾನ್ಸರ್ ಹಾರ್ಮೋನ್ ಚಿಕಿತ್ಸೆಗೆ ಬಗ್ಗುತ್ತಿಲ್ಲ ಎನ್ನಬಹುದು. ಟೆಸ್ಟೋಸ್ಟೆರಾನ್ ಮೇಲಿದ್ದರೆ ಬಗ್ಗದಿರುವುದು ಕ್ಯಾನ್ಸರ್ ಅಲ್ಲ, ಸೂಜಿ ಸರಿಯಾಗಿ ಬಿದ್ದಿಲ್ಲ. ಈ ವ್ಯತ್ಯಾಸ ನೋಡದೆ ಮುಂದಿನ ಹಂತದ ದುಬಾರಿ ಮಾತ್ರೆಗೋ ಕೀಮೋಗೋ ಹೋದರೆ ರೊಕ್ಕವೂ ಹೋಯಿತು, ಕೈಲಿದ್ದ ಸರಳ ಉಪಾಯವೂ ಹೋಯಿತು. ಆ ಮುಂದಿನ ಹಂತದ ಮಾತ್ರೆಗಳಲ್ಲೊಂದಾದ ಅಬಿರಾಟೆರೋನ್ ಶುರುವಾದವರಿಗೆ ಒಂದು ಮಾತು: ಅದರ ಜೊತೆಗೂ ಸೂಜಿ ನಿಲ್ಲುವುದಿಲ್ಲ. 250ರ ನಾಲ್ಕು ಮಾತ್ರೆ ಖಾಲಿ ಹೊಟ್ಟೆಗೆ, ನುಂಗುವ ಮೊದಲು ಎರಡು ತಾಸು, ನುಂಗಿದ ಮೇಲೆ ಒಂದು ತಾಸು ಏನೂ ತಿನ್ನಬಾರದು. ಜೊತೆಗಿನ ಪ್ರೆಡ್ನಿಸೊಲೋನ್ ಬಿಡಬಾರದು. ಬಿಪಿ, ಪೊಟ್ಯಾಸಿಯಂ, ಲಿವರ್ ಪರೀಕ್ಷೆ ತಪ್ಪಬಾರದು.

ಟೆಸ್ಟೋಸ್ಟೆರಾನ್ ಕೆಳಗಿರುವುದಕ್ಕೂ ದೇಹ ಬೆಲೆ ತೆರುತ್ತದೆ: ಮೈಯೆಲ್ಲ ಝಳ, ಮೂಳೆ ಸವೆತ, ಮಾಂಸಖಂಡ ಕರಗುವುದು, ಸಕ್ಕರೆ ಮತ್ತು ಹೃದಯದ ತೊಂದರೆ, ಮನಸ್ಸು ಕುಗ್ಗುವುದು. ಶುರುವಿನಲ್ಲೇ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮತ್ತು ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ಕೇಳಿ, ದಿನಾ ನಡೆಯಲು ಹೇಳಿ, ಎದ್ದು ಕೂರುವ ವ್ಯಾಯಾಮ ಮಾಡಿಸಿ.

ಕಾಗದಪತ್ರ

ಬೆಳಗಾವಿಯಲ್ಲಿ ಕೆಎಲ್‌ಇಯ ಪ್ರಭಾಕರ ಕೋರೆ ಆಸ್ಪತ್ರೆ ಮತ್ತು ಸರ್ಕಾರಿ ಬಿಮ್ಸ್, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ನಮ್ಮ ಕಡೆಯ ಬೋಧನಾ ಆಸ್ಪತ್ರೆಗಳು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಯಾವ ಸೂಜಿ, ಯಾವ ಆಪರೇಷನ್ ಅದರಲ್ಲಿ ಬರುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಮೇಜಿನಲ್ಲಿ ಕೇಳಿ. ಕೇಳುವುದು ಸೂಜಿಯ ದಿನವಲ್ಲ, ಎರಡು ವಾರ ಮೊದಲು. ಪೂರ್ವಾನುಮತಿಗೆ ದಿನಗಳು ಹಿಡಿಯುತ್ತವೆ, ಆ ದಿನಗಳೂ 84ರಲ್ಲೇ ಎಣಿಕೆಯಾಗುತ್ತವೆ. ರೇಷನ್ ಕಾರ್ಡು, ಆಧಾರ್, ಬಯಾಪ್ಸಿ ರಿಪೋರ್ಟ್, ಹಿಂದಿನ ಎಲ್ಲ ಪಿಎಸ್‌ಎ ಮತ್ತು ಟೆಸ್ಟೋಸ್ಟೆರಾನ್ ಸಂಖ್ಯೆಗಳನ್ನು ತಾರೀಖಿನ ಸಮೇತ ಒಂದೇ ಹಾಳೆಯಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಹಾಕಿ. ಪಕ್ಕದಲ್ಲೇ ಇನ್ನೊಂದು ಸಾಲು ಇರಲಿ: ಸೂಜಿಯ ಹೆಸರು, ಮಿಲಿಗ್ರಾಂ, ಬ್ಯಾಚ್ ಸಂಖ್ಯೆ, ಎಡಗಡೆಯೋ ಬಲಗಡೆಯೋ, ಮುಂದಿನದು ಯಾವ ವಾರ.